ಕಾರ್ಡಿನ ಮೇಲೆ ಬರೆದದ್ದು

ಮುಂಬಯಿ ಹತ್ತಿರದ ಠಾಕುರ್ಲಿಯ ನಮ್ಮ ಬಿಲ್ಡಿಂಗಿನಲ್ಲಿ ಕುಶಲನಷ್ಟು ಚೆಂದದ ಕನ್ನಡ ಅಕ್ಷರ ಬರೆಯುವವರು ಇನ್ನೊಬ್ಬರಿಲ್ಲ. ಹದಿನಾಲ್ಕನೇ ವಯಸ್ಸಿಗೆ ಕಾಪುವಿನ ಕಡೆಯಿಂದ ಬಂದು, ಹಗಲು ಹೋಟೆಲಿನಲ್ಲಿ ಮೇಜು ಒರೆಸಿ, ಕೆಲಸ ಮುಗಿಸಿ ಕನ್ನಡ ರಾತ್ರಿಶಾಲೆಯಲ್ಲಿ ಕೂತು ತಿದ್ದಿದ ಅಕ್ಷರ ಅದು. ಅದರ ಬಲದಿಂದಲೇ ಮೆಟ್ರಿಕ್ ಪಾಸಾದ, ಆಫೀಸಿನಲ್ಲಿ ಗುಮಾಸ್ತನಾದ, ಕೊನೆಗೆ ನಮ್ಮ ಕನ್ನಡ ಸಂಘಕ್ಕೆ ಕಾರ್ಯದರ್ಶಿಯೂ ಆದ. ನಾನು, ಚೆನ್ನಯ, ಅದೇ ಸಂಘದ ಜೊತೆ ಕಾರ್ಯದರ್ಶಿ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ಮುಂದೆ ಬರುವ ಬೈಗುಳದಲ್ಲಿ ನನ್ನ ಪಾಲೂ ಇದೆ.

ಸಂಘದ ಕಾರ್ಯಕ್ರಮಗಳಿಗೆ ಬೇಕಾಗುತ್ತದೆ ಎಂದು ಕುಶಲ ಒಂದು ಪುಟ್ಟ ಡಿಜಿಟಲ್ ಕ್ಯಾಮೆರಾ ಕೊಂಡಿದ್ದ. ಅಂಗಿಯ ಜೇಬಿನಲ್ಲಿ ಹಿಡಿಸುವಂಥದ್ದು, ಬೆಳ್ಳಿ ಬಣ್ಣದ್ದು. ಹೆಸರು ಸಂಘದ್ದು, ತೆಗೆದದ್ದೆಲ್ಲ ಹೆಂಡತಿ ಜಯಲತಾಳನ್ನು. ಮಾರ್ಕೆಟಿನಲ್ಲಿ ಬಂಗುಡೆಯ ಕಿವಿರು ಎತ್ತಿ ನೋಡುವ ಜಯಲತಾ, ಬಾಲ್ಕನಿಯಲ್ಲಿ ಒದ್ದೆ ತಲೆ ಒರೆಸುವ ಜಯಲತಾ, ಸ್ಟೇಷನ್ನಿನ ಬೆಂಚಿನಲ್ಲಿ ಬಾಯಿ ತೆರೆದು ತೂಕಡಿಸುವ ಜಯಲತಾ. "ಎಂತ ಮಾರಾಯ್ರೆ, ಈರುಳ್ಳಿ ಹೆಚ್ಚುವುದನ್ನೂ ಫೋಟೋ ತೆಗೆಯುದಾ?" ಎಂದು ಅವಳು ಗದರಿಸುತ್ತಿದ್ದುದು ನಮ್ಮ ಮನೆಗೂ ಕೇಳುತ್ತಿತ್ತು. ಒಂದು ವಿಡಿಯೋವನ್ನೂ ಮಾಡಿದ್ದ. ಅವಳು ಕೆಸುವಿನ ಎಲೆಗೆ ಹಿಟ್ಟು ಸವರಿ ಪತ್ರೊಡೆ ಸುತ್ತುತ್ತಿರುತ್ತಾಳೆ, "ಬಂದ್ ಮಾಡಿ ಅದನ್ನು" ಎಂದು ಹೇಳುತ್ತ ನಗುತ್ತಾಳೆ. ಒಂಬತ್ತು ವರ್ಷದ ಹಿಂದೆ ಅವಳು ತೀರಿಕೊಂಡಳು. ಆಮೇಲೆ ಅವಳ ದನಿ ಉಳಿದದ್ದು ಆ ನಲವತ್ತು ಸೆಕೆಂಡಿನಲ್ಲಿ ಮಾತ್ರ.

ಆ ವರ್ಷದ ಸಂಘದ ಸನ್ಮಾನವೂ ಕ್ಯಾಮೆರಾದ ಅದೇ ಮೆಮೊರಿ ಕಾರ್ಡಿನ ಕೊನೆಯಲ್ಲಿ ಸೇರಿ ಕಾರ್ಡು ತುಂಬಿತು. ಕುಶಲ ಅದನ್ನು ಕ್ಯಾಮೆರಾದಿಂದ ತೆಗೆದು, ಮೇಲೆ ಬಿಳಿ ಸ್ಟಿಕ್ಕರ್ ಅಂಟಿಸಿ, ಇರುವೆಯಷ್ಟು ಸಣ್ಣ ಅಕ್ಷರದಲ್ಲಿ "ಜಯಲತಾ. ಅಳಿಸಬಾರದು" ಎಂದು ಬರೆದು, ಹಳೆಯ ಕನ್ನಡಕದ ಪೆಟ್ಟಿಗೆಯಲ್ಲಿಟ್ಟ. "ಕಂಪ್ಯೂಟರಿಗೂ ಹಾಕಿಸಿಡು" ಎಂದು ನಾನು ಹತ್ತು ಸಲ ಹೇಳಿದೆ. "ಕಂಪ್ಯೂಟರ್ ಕೆಡುತ್ತದೆ ಮಾರಾಯ. ಕಪಾಟಿನಲ್ಲಿರುವ ಕಾರ್ಡಿಗೆ ಏನಾಗುತ್ತದೆ?" ಎಂದ. ಮೊಂಡ ಎಂದರೆ ಮೊಂಡ.

ಮಗಳು ದಿಶಾಳಿಗೆ ಆಗ ಹನ್ನೊಂದು ವರ್ಷ. ಮನೆಯಲ್ಲಿ ತುಳು ಆಡಿದರೆ ಅವಳಿಗೆ ಅರ್ಥವಾಗುತ್ತದೆ, ಉತ್ತರ ಹಿಂದಿಯಲ್ಲಿ ಬರುತ್ತದೆ. ಕನ್ನಡ ಓದಲು ಬಾರದು. ಸಂಘ ನಡೆಸುತ್ತಿದ್ದ ಭಾನುವಾರದ ಕನ್ನಡ ಕ್ಲಾಸಿಗೆ ಸೇರಿಸಲು ಜಯಲತಾ ಸ್ಲೇಟನ್ನೂ ತಂದಿದ್ದಳು. "ಪರೀಕ್ಷೆ ಮುಗಿಯಲಿ" ಎಂದ ಕುಶಲ, ಆ ಹೊತ್ತಿಗೆ ಗಣಿತದ ಟ್ಯೂಷನ್ ಹಾಕಿದ. ನನ್ನ ಮಗನನ್ನೂ ಅದೇ ಟ್ಯೂಷನ್ನಿಗೆ ಕಳಿಸಿದವನು ನಾನು. ಮಕ್ಕಳೇ ಬರುವುದಿಲ್ಲ ಎಂದು ಕ್ಲಾಸು ಮುಚ್ಚಿದೆವು. ಮುಚ್ಚುವ ನಿರ್ಣಯವನ್ನು ಸಂಘದ ಪುಸ್ತಕದಲ್ಲಿ ಬರೆದದ್ದು ಕುಶಲನ ಅದೇ ಮುತ್ತಿನಂಥ ಅಕ್ಷರದಲ್ಲಿ.

ಈಗ ಕಾಲೇಜಿನ ಮಕ್ಕಳಿಗೆ ಹಳೆಯ ಕ್ಯಾಮೆರಾದ ಹುಚ್ಚು ಹಿಡಿದಿದೆಯಂತೆ. ಫೋನಿನ ಫೋಟೋಗಿಂತ ಅದರ ಮಸುಕು ಫೋಟೋವೇ ಚೆಂದವಂತೆ. ಹೋದ ನವೆಂಬರಿನಲ್ಲಿ ದಿಶಾ ಕ್ಯಾಮೆರಾ ಕೇಳಿದಾಗ ಕುಶಲ ಹಿಗ್ಗಿಹೋದ. ಹೊಸ ಬ್ಯಾಟರಿಯನ್ನೂ ತಾನೇ ತಂದುಕೊಟ್ಟ. ಅದಕ್ಕೆ ಕಾರ್ಡೂ ಬೇಕೆಂಬುದು ಅಪ್ಪ ಮಗಳು ಇಬ್ಬರಿಗೂ ಆಗ ನೆನಪಾಗಲಿಲ್ಲ.

ಆ ಭಾನುವಾರ ಸಂಘದ ರಾಜ್ಯೋತ್ಸವ. ಕುಶಲ ವೇದಿಕೆಯಲ್ಲಿ ಮೈಕ್ ಹಿಡಿದು, "ಮನೆಯಲ್ಲಿ ಮಕ್ಕಳಿಗೆ ನಾಲ್ಕು ಅಕ್ಷರ ಕಲಿಸದವರು ಇಲ್ಲಿ ಬಂದು ಚಪ್ಪಾಳೆ ತಟ್ಟಿ ಏನು ಪ್ರಯೋಜನ?" ಎಂದು ಕೇಳುತ್ತಿದ್ದ. ನಾವೆಲ್ಲ ಚಪ್ಪಾಳೆ ತಟ್ಟಿದೆವು. ಅವನ ಫೋನ್ ನನ್ನ ಕೈಯಲ್ಲಿತ್ತು. ದಿಶಾಳ ಹೆಸರು ಬಂತು, ಕಟ್ ಮಾಡಿದೆ. ಮತ್ತೆ ಬಂತು, ಮತ್ತೆ ಕಟ್ ಮಾಡಿದೆ. ಭಾಷಣದ ನಡುವೆ ಅದೇನು ಅವಸರ ಈ ಹುಡುಗಿಗೆ ಎಂದು ಸಿಟ್ಟೂ ಬಂತು.

ಕಾರ್ಯಕ್ರಮ ಮುಗಿದು, ಹಾಲಿನ ಮೆಟ್ಟಿಲ ಮೇಲೆ ಕುಶಲ ಫೋನ್ ತೆರೆದ. ಮೊದಲು ಸ್ಟಿಕ್ಕರಿನ ಫೋಟೋ, ಅದರ ಕೆಳಗೆ "ಪಪ್ಪಾ, ಯೇ ಕ್ಯಾ ಲಿಖಾ ಹೈ?" ಇದೇನು ಬರೆದಿದೆ ಎಂಬ ಪ್ರಶ್ನೆ. ಅರ್ಧ ಗಂಟೆಯ ನಂತರ ಇನ್ನೊಂದು ಸಂದೇಶ. ಅವಳು ಘಣಸೋಲಿಯ ಗೆಳತಿಯ ಮನೆಯಲ್ಲಿದ್ದಳು. ತನ್ನ ಹೊಸ ಕಾರ್ಡು ಹಳೆಯ ಕ್ಯಾಮೆರಾಕ್ಕೆ ಹಿಡಿಸದೆ ಕಪಾಟಿನದನ್ನು ಒಯ್ದಿದ್ದಳು. "ಕಾರ್ಡು ತುಂಬಿದೆ ಎಂದು ತೋರಿಸಿತು, ಕೊನೆಯಿಂದ ಹದಿನೈದಿಪ್ಪತ್ತು ನೋಡಿದೆ, ಬರೀ ಶಾಲು ಹೊದ್ದ ಅಂಕಲ್‌ಗಳು, ಎಲ್ಲ ಅಳಿಸಿ ಫಾರ್ಮ್ಯಾಟ್ ಮಾಡಿಬಿಟ್ಟೆ, ನಡೆಯುತ್ತದಲ್ಲ?" ಎಂದು ಕೇಳಿದ್ದಳು.

ಕುಶಲ ಆ ಸ್ಟಿಕ್ಕರಿನ ಫೋಟೋವನ್ನು ಇನ್ನೊಮ್ಮೆ ತೆರೆದು ನೋಡಿದ. ಆಮೇಲೆ ಇಂಗ್ಲಿಷ್ ಅಕ್ಷರದಲ್ಲಿ, ಹಿಂದಿಯಲ್ಲಿ, ಒಂದೊಂದೇ ಗುಂಡಿ ಒತ್ತಿ ಬರೆದ: ಸಂಘದ ಕಾರ್ಡು ಎಂದು ಬರೆದಿದೆ, ಪರವಾಗಿಲ್ಲ.

"ಸುಳ್ಳು ಯಾಕೆ ಬರೆದೆ?" ಎಂದೆ.

"ತಾಯಿಯನ್ನು ಅಳಿಸಿದೆ ಎಂದು ಆ ಮಗುವಿಗೆ ಹೇಳಲಾ?" ಎಂದ.

ಮರುವಾರ ಅವಳಿಗೆ ತಿಳಿಯದ ಹಾಗೆ ಕಾರ್ಡು ತೆಗೆದುಕೊಂಡು ಠಾಣೆ ಪಟ್ಟಣಕ್ಕೆ ಹೋದೆವು. ಅಳಿಸಿದ್ದನ್ನು ಮರಳಿ ತೆಗೆಯುವ ಅಂಗಡಿಯೊಂದಿದೆ ಎಂದು ಯಾರೋ ಹೇಳಿದ್ದರು. ಎರಡು ದಿನ ಬಿಟ್ಟು ಅಂಗಡಿಯವನು ಕರೆದ. ದಿಶಾ ತೆಗೆದ ಹೊಸ ಫೋಟೋಗಳು ಕಾರ್ಡಿನ ಆರಂಭದಿಂದ ತುಂಬಿಕೊಂಡಿದ್ದವು, ಹಾಗಾಗಿ ಹಳೆಯವೆಲ್ಲ ಹೋಗಿದ್ದವು, ಕೊನೆಯ ಭಾಗ ಮಾತ್ರ ಸಿಕ್ಕಿತ್ತು. ನಲವತ್ಮೂರು ಫೋಟೋ, ಎಲ್ಲವೂ ಸನ್ಮಾನದ್ದು. ಮೊದಲನೆಯದರಲ್ಲೇ ಶಾಲು ಹೊದ್ದು, ಹಣ್ಣಿನ ಬುಟ್ಟಿ ಹಿಡಿದು ಹಲ್ಲು ಕಿರಿದು ನಿಂತವನು ನಾನು. ಒಂದೂ ಕನ್ನಡ ಅಕ್ಷರ ಓದಲಾರದ ಆ ಹುಡುಗಿಯ ಮೇಲೆ ನನಗೆ ಸಿಟ್ಟಿಲ್ಲ. ಆ ಫೋಟೋದವನ ಮುಖಕ್ಕೆ ಉಗಿಯಬೇಕು ಎನಿಸಿತು.

ಕುಶಲ ಈ ವರ್ಷ ಕಾರ್ಯದರ್ಶಿ ಪಟ್ಟ ಬಿಟ್ಟ. ಮೈಕ್ ಮುಟ್ಟುವುದಿಲ್ಲ.

ಮೊನ್ನೆ ನಾನು ಅವರ ಮನೆಯಲ್ಲಿ ಚಹಾ ಕುಡಿಯುತ್ತಿದ್ದೆ. ದಿಶಾ ಒಳಗಿನಿಂದ ಬಂದು ಅಪ್ಪನ ಕುರ್ಚಿಯ ತೋಳಿನ ಮೇಲೆ ಕೂತಳು. "ಪಪ್ಪಾ, ಮಮ್ಮಿ ಕಾ ವೋ ಪತ್ರೊಡೆವಾಲಾ ವಿಡಿಯೋ ಕಹಾಂ ಹೈ? ಮಮ್ಮಿ ಕೀ ಆವಾಜ್ ಭೂಲ್ ರಹೀ ಹೂಂ" ಎಂದಳು. ಅಮ್ಮನ ದನಿ ಮರೆತುಹೋಗುತ್ತಿದೆಯಂತೆ ಅವಳಿಗೆ.

ಕುಶಲ ನನ್ನ ಮುಖ ನೋಡಲಿಲ್ಲ. "ಇಲ್ಲೇ ಎಲ್ಲೋ ಇದೆ ಮಗಾ, ಹುಡುಕುತ್ತೇನೆ" ಎಂದು ಎದ್ದುಹೋಗಿ ಕಪಾಟು ತೆರೆದ. ಅವಳೂ ಜೊತೆಗೆ ಹೋಗಿ ಹುಡುಕತೊಡಗಿದಳು.