ನಫೀಸಾಳ ಒಳ್ಳೆಯ ಹವೆ

ಹೇಗಿದ್ದೀಯೆಂದು ಯಾರು ಕೇಳಿದರೂ ನಫೀಸಾ ಮೊದಲು ಕಿಟಕಿಯಾಚೆ ಆಕಾಶವನ್ನು ನೋಡುತ್ತಿದ್ದಳು; ಉತ್ತರ ಆಮೇಲೆ. ಮೋಡವಿದ್ದರೆ ‘ಆರಾಮ’ ಎಂಬ ಮಾತು ಉದ್ದವಾಗಿ ಬರುತ್ತಿತ್ತು, ಬಿಸಿಲಿದ್ದರೆ ತುಂಡಾಗಿ.

ಮಾನ್ವಿಯ ಸಂತೆಯಲ್ಲಿ ಬಳೆ ಮಾರುವವರ ಮಗಳು. ರಾಯಚೂರಿನ ಆಸ್ಪತ್ರೆಯೊಂದರಲ್ಲಿ ನರ್ಸ್. ಜರ್ಮನಿಯಲ್ಲಿ ಕೆಲಸ ಹಿಡಿಯಬೇಕೆಂದು ಬಸ್ ನಿಲ್ದಾಣದ ಹಿಂದಿನ ಮಹಡಿಯಲ್ಲಿ ನಡೆಯುತ್ತಿದ್ದ ಜರ್ಮನ್ ತರಗತಿಗೆ ಸೇರಿದ್ದಳು. ನಾನು ದೇವದುರ್ಗದಿಂದ ಬರುತ್ತಿದ್ದೆ. ಆ ಭಾಷೆ ಸಂಸ್ಕೃತದ ಹೊಟ್ಟೆಯಲ್ಲೇ ಹುಟ್ಟಿದ್ದೆಂದು ಸಭೆಯೊಂದರಲ್ಲಿ ಒಬ್ಬರು ಸಾರಿದ್ದರು. ಸಾರಿದ್ದನ್ನು ಪರೀಕ್ಷಿಸದೆ ಒಪ್ಪುವುದು ನನ್ನಿಂದಾಗದು. ಎಪ್ಪತ್ತರ ಹತ್ತಿರದಲ್ಲಿ ಹುಡುಗಿಯರ ನಡುವೆ ಬೆಂಚಿನ ಮೇಲೆ ಕುಳಿತದ್ದು ಆ ಕಾರಣಕ್ಕೆ. (ಜರ್ಮನ್ ಸಂಸ್ಕೃತದ ಮಗಳಲ್ಲ, ದೂರದ ನೆಂಟಳು ಎಂಬುದು ಆಮೇಲೆ ಖಾತ್ರಿಯಾಯಿತು.)

ಮೊದಲ ಪಾಠವೇ ಹವೆ ಮತ್ತು ಮನಸ್ಸು. ಪುಸ್ತಕದಲ್ಲಿ ಸೂರ್ಯನ ಚಿತ್ರದ ಕೆಳಗೆ ನಗುಮುಖ, ಮಳೆಯ ಚಿತ್ರದ ಕೆಳಗೆ ಜೋಲುಮುಖ. ಬಿಸಿಲು ಒಳ್ಳೆಯ ಹವೆ, ಮಳೆ ಕೆಟ್ಟ ಹವೆ. ಇದನ್ನು ಬರೆದವರು ಬೇಸಿಗೆಯ ಒಂದು ಮಧ್ಯಾಹ್ನ ರಾಯಚೂರಿನ ಕೋಟೆಯ ಬಂಡೆಯ ಮೇಲೆ ಕುಳಿತು ನೋಡಲಿ ಎಂದು ನಾನು ವಾದಕ್ಕಿಳಿದೆ. ನಫೀಸಾ ತೋಳು ಜಗ್ಗಿ ಕೂರಿಸಿದಳು.

“ಕಾಕಾ, ನಿಮಗ ವಾದ ಬೇಕು, ನನಗ ನೌಕರಿ ಬೇಕು. ಪುಸ್ತಕದಾಗ ಇದ್ದಂಗ ಅಂದುಬಿಡ್ರಿ.”

ಹಿಂದೊಮ್ಮೆ ಸಂದರ್ಶನದಲ್ಲಿ ಬಾಯಿ ಕಟ್ಟಿ ಸೋತಿದ್ದಳು; ಇನ್ನೊಂದೇ ಅವಕಾಶ ಉಳಿದಿತ್ತು. ಮಾನ್ವಿಯ ಬಸ್ಸಿನಲ್ಲಿ ದಾರಿಯುದ್ದಕ್ಕೂ ಮಳೆ ಕೆಟ್ಟದ್ದೆಂದು ಜರ್ಮನ್ನಿನಲ್ಲಿ ಜಪಿಸುತ್ತಿದ್ದಳಂತೆ. ಪಕ್ಕದ ಸೀಟಿನ ಮುದುಕಿ ಕೇಳಿದಳಂತೆ: “ಯಾ ಮಂತ್ರನವ್ವಾ ಇದು, ಮಳಿ ಬರಾಕ?”

ಈ ಸಲದ ಸಂದರ್ಶನ ನಡೆದದ್ದು ತರಗತಿಯ ಕೋಣೆಯಲ್ಲೇ, ಮೊಬೈಲಿನ ಪರದೆಯ ಮೇಲೆ. ಜನ ಬಿತ್ತನೆಗೆ ಮುಗಿಲು ನೋಡುತ್ತಿದ್ದ ದಿನಗಳು. ಅತ್ತಲಿನ ಹೆಂಗಸು ನಿಮ್ಮಲ್ಲಿ ಹವೆ ಹೇಗಿದೆ ಎಂದು ಕೇಳುವ ಹೊತ್ತಿಗೆ ಸರಿಯಾಗಿ ತಗಡಿನ ಮೇಲೆ ಹನಿ ಬಿದ್ದವು. ನಫೀಸಾ ಕಿಟಕಿಯತ್ತ ನೋಡಿದಳು. ಮಳೆ ಬರುತ್ತಿದೆ, ಹವೆ ಬಹಳ ಒಳ್ಳೆಯದಿದೆ, ನನಗೆ ಸಂತೋಷವಾಗಿದೆ ಎಂದುಬಿಟ್ಟಳು. ಒಳ್ಳೆಯದೇ? ಎಂದು ಆಕೆ ಮತ್ತೆ ಕೇಳಿದಳು. ಪುಸ್ತಕದ ಉತ್ತರ ತಪ್ಪಿತೆಂದು ನಫೀಸಾಳಿಗೆ ಆಗ ಹೊಳೆಯಿತು. ವಿವರಿಸುವಷ್ಟು ಜರ್ಮನ್ ಅವಳಲ್ಲಿರಲಿಲ್ಲ. ಎದ್ದು, ಮೊಬೈಲನ್ನು ಕಿಟಕಿಯ ಹೊರಗೆ ಚಾಚಿದಳು. ಕೆಳಗೆ ಹಣ್ಣಿನ ಬಂಡಿಯವರು, ಬಸ್ಸಿಗೆ ಕಾದವರು ಮುಖವೆತ್ತಿ ನೆನೆಯುತ್ತ ನಿಂತಿದ್ದರು, ಒಬ್ಬರೂ ಓಡುತ್ತಿರಲಿಲ್ಲ. ಆ ಕಡೆಯಿಂದ ನಗು ಕೇಳಿಸಿತು.

ನೌಕರಿ ಸಿಕ್ಕಿತು. ಹೋದಳು.

ಆಗೊಮ್ಮೆ ಈಗೊಮ್ಮೆ ಅವಳ ಧ್ವನಿಸಂದೇಶ ಬರುತ್ತದೆ. ಮೊನ್ನೆಯದರಲ್ಲಿ “ಕಾಕಾ, ಇಲ್ಲಿ ಮಳಿ ನಿಂದ್ರವಲ್ದು” ಎಂದವಳು, ಪುಸ್ತಕದಲ್ಲಿದ್ದಂತೆಯೇ ತಪ್ಪಿಲ್ಲದ ಜರ್ಮನ್ನಿನಲ್ಲಿ, ಹವೆ ಕೆಟ್ಟದಾಗಿದೆ ಎಂದಳು. ನನಗೆ ಪಿಚ್ಚೆನಿಸಿತು. ಆದರೆ ಸಂದೇಶ ಮುಗಿದಿರಲಿಲ್ಲ. ಕಿಟಕಿ ತೆರೆದ ಸದ್ದು. ಆಮೇಲೆ ಬರೀ ಮಳೆ, ಅವಳ ಮಾತಿಗಿಂತ ಬಹಳ ಹೊತ್ತು.

ಹೇಳಿದ್ದನ್ನೆಲ್ಲ ನಂಬುವವನು ನಾನಲ್ಲ. ಅವಳು ಹೇಳಿದ್ದನ್ನೂ ನಂಬಲಿಲ್ಲ.