ಯಜಮಾನರು ಓದುತ್ತಿದ್ದ ಲಾಗ್

ಪೀಣ್ಯದ ಆ ಕಾರ್ಖಾನೆಗೆ ಬ್ಯಾಕಪ್ ಕೂರಿಸಿಕೊಟ್ಟವಳು ನಾನೇ. ತಗಡನ್ನು ಒತ್ತಿ ಆಕಾರ ಕೊಡುವ ಡೈಗಳನ್ನು ತಯಾರಿಸುವ ಪುಟ್ಟ ಜಾಗ ಅದು. ಕೆಳಗೆ ಯಂತ್ರಗಳು, ಮೇಲೆ ಅಟ್ಟದಂಥ ಕೋಣೆಯಲ್ಲಿ ಕಂಪ್ಯೂಟರಿನಲ್ಲಿ ಡೈಗಳ ನಕ್ಷೆ ಬಿಡಿಸುವ ಮೂವರು. ಪಕ್ಕದ ಶೆಡ್ಡಿನವರ ಕಂಪ್ಯೂಟರ್ ಕೆಟ್ಟು ಅವರ ನಕ್ಷೆಗಳೆಲ್ಲ ಮಣ್ಣುಪಾಲಾದವೆಂದು ಕೇಳಿದ ಮೇಲೆ ಇಲ್ಲಿಯ ಯಜಮಾನರಿಗೆ ನಿದ್ದೆ ಹತ್ತಿರಲಿಲ್ಲ. ಹಾಗಾಗಿ ನನಗೆ ಕರೆ ಬಂತು.

ನಾನು ಮಾಡಿದ ಏರ್ಪಾಡು ಸರಳವಾಗಿತ್ತು. ಸಂಜೆ ಐದೂವರೆಗೆ ಒಂದು ಕಮಾಂಡ್ ತಾನಾಗಿಯೇ ನಕ್ಷೆಯ ಸಾಫ್ಟ್‌ವೇರನ್ನು ಮುಚ್ಚುತ್ತದೆ. ಆ ದಿನ ಬದಲಾದ ಫೈಲುಗಳು ಬೇರೆ ಡಿಸ್ಕಿಗೆ ನಕಲಾಗುತ್ತವೆ. ಮುಗಿದ ಮೇಲೆ ಇನ್ನೊಂದು ಕಮಾಂಡ್ ಕಂಪ್ಯೂಟರನ್ನು ಆರಿಸುತ್ತದೆ. ಯಾರ ಕಂಪ್ಯೂಟರಿನ ಯಾವ ಫೈಲು ನಕಲಾಯಿತು ಎಂಬ ವರದಿ, ಅಂದರೆ ಲಾಗ್, ದಿನವೂ ದಾಖಲಾಗುತ್ತದೆ. ಏನಾದರೂ ತಪ್ಪಾದರೆ ಮಾತ್ರ ಮೇಲ್ ಬರಲಿ ಎಂದೆ. ಯಜಮಾನರು ಒಪ್ಪಲಿಲ್ಲ.

"ಅದೆಂಗಾಯ್ತದೆ ಮೇಡಂ. ದಿನಾ ಪೂರ್ತಿ ಬರ್ಲಿ, ನನ್ ಫೋನಿಗೇ ಬರ್ಲಿ" ಎಂದರು. ಹಟಕ್ಕೆ ಬಿದ್ದವರ ಹತ್ತಿರ ವಾದ ಮಾಡುವ ತಾಳ್ಮೆ ನನಗೆ ಹುಟ್ಟಿನಿಂದಲೇ ಇಲ್ಲ. ಪೂರ್ತಿ ಬರುವಂತೆಯೇ ಮಾಡಿ ಸ್ಕೂಟರ್ ಹತ್ತಿದೆ.

ಕೆಲವು ತಿಂಗಳಾದ ಮೇಲೆ ಡಿಸ್ಕ್ ತುಂಬಿ ಬ್ಯಾಕಪ್ ನಿಂತುಹೋಯಿತು. ಹೋಗಿ ಲಾಗ್ ತೆರೆದರೆ ತಲೆ ಗಿರ್ ಎಂದಿತು. ಎಂದೋ ಮುಗಿದುಹೋದ ಕೆಲಸಗಳ ನಕ್ಷೆಗಳು ದಿನವೂ ರಾಶಿ ರಾಶಿಯಾಗಿ ಬದಲಾಗುತ್ತಿವೆ, ಅದೂ ಸಂಜೆ ಐದರ ಹೊತ್ತಿಗೆ. ವೈರಸ್ಸೇ ಇರಬೇಕು ಎಂದುಕೊಂಡು ಮೇಲಿನ ಕೋಣೆಯಲ್ಲಿ ಕಾಯುತ್ತ ಕುಳಿತೆ.

ಐದಾಯಿತು. ಮೂವರೂ ಕೈಯಲ್ಲಿದ್ದ ಕೆಲಸ ಬಿಟ್ಟು ಹಳೆಯ ಫೈಲೊಂದನ್ನು ತೆರೆದರು, ಒಂದು ಗೆರೆ ಎಳೆದು ಅಳಿಸಿದರು, ಸೇವ್ ಮಾಡಿ ಮುಚ್ಚಿದರು. ಮತ್ತೊಂದು. ಮತ್ತೂ ಒಂದು. ಉತ್ತರ ಗೊತ್ತಿಲ್ಲದ ಹುಡುಗರು ಪ್ರಶ್ನೆಯನ್ನೇ ಬರೆದು ಹಾಳೆ ತುಂಬಿಸುವ ಹಾಗಿತ್ತು. ನನಗೆ ನಗು ತಡೆಯಲಾಗಲಿಲ್ಲ.

ಮೂವರಲ್ಲಿ ಹಿರಿಯರಾದ ಹಾವೇರಿ ಕಡೆಯ ಹೆಂಗಸು ನಗಲಿಲ್ಲ. "ದಿನಾ ಮುಂಜಾನೆ ಫೋನ್ ಹಿಡ್ಕೊಂಡು ಬರ್ತಾರ್ರಿ ಮೇಡಂ" ಎಂದರು. "ಅವ ಇಪ್ಪತ್ ಫೈಲ್ ಮಾಡ್ಯಾನ, ನಿಂದು ಎರಡೇನಾ ಅಂತಾರ. ಇಡೀ ದಿನ ವಿಚಾರ ಮಾಡಿ ಒಂದ್ ಗೆರಿ ಹಾಕಿದ್ರೂ ಅದು ಒಂದ ಫೈಲ್ ಅಲ್ರಿ? ಅದಕ್ಕ ಎಲ್ಲಾರೂ ಹಿಂಗ ಶುರು ಮಾಡಿದ್ವಿ."

ಆಮೇಲೆ ತಗ್ಗಿದ ದನಿಯಲ್ಲಿ ಉಳಿದದ್ದನ್ನೂ ಹೇಳಿದರು. ಒಂದೇ ಡೈಗೆ ನಾಲ್ಕಾರು ನಕ್ಷೆಗಳಿದ್ದರೆ, ಇತ್ತೀಚಿನ ತಾರೀಕಿನದನ್ನು ಹಿಡಿದು ಉಕ್ಕು ಕತ್ತರಿಸುವುದು ಕೆಳಗಿನವರ ರೂಢಿ. ಸಂಜೆಯ ಈ ಆಟದಲ್ಲಿ, ಗಿರಾಕಿ ಬೇಡವೆಂದಿದ್ದ ನಕ್ಷೆಯೊಂದನ್ನು ಈ ಹೆಂಗಸು ಸೇವ್ ಮಾಡಿದ್ದರು. ಅದಕ್ಕೆ ಹೊಸ ತಾರೀಕು ಬಿತ್ತು. ಕೆಳಗಿನವರು ಅದನ್ನೇ ನಂಬಿ ಕತ್ತರಿಸಿದರು, ಇಡೀ ಉಕ್ಕಿನ ಬ್ಲಾಕು ಹಾಳಾಯಿತು. ತಿಂಗಳ ಕೊನೆಗೆ ಕೆಲಸ ಬಿಡು ಎಂದು ಯಜಮಾನರು ಇವರಿಗೆ ಹೇಳಿಯಾಗಿತ್ತು.

"ಖರೇ ಹೇಳಿದ್ರ ಇವರಿಬ್ಬರ ಕೆಲಸಾನೂ ಹೋಗತೈತಿ ಅಂತ ಸುಮ್ಮನಾದ್ನಿರಿ. ಈ ವಯಸ್ಸಿನ್ಯಾಗ ನನ್ನ ಬ್ಯಾರೆ ಕಡೆ ಯಾರ್ ತಗೋತಾರ" ಎಂದು ಪರದೆಯತ್ತ ತಿರುಗಿಕೊಂಡರು. ನಕ್ಕಿದ್ದಕ್ಕೆ ನನಗೆ ನಾಚಿಕೆಯಾಯಿತು. ಪಕ್ಕದ ಮೇಜಿನವನು, "ನೀವೇ ಹೇಳ್ಬಿಡಿ ಮೇಡಂ. ನಾವೂ ಮಾಡಿದ್ವಿ ಅಂತ್ಲೇ ಹೇಳಿ" ಎಂದ. ಮೂರನೆಯವನೂ ತಲೆಯಾಡಿಸಿದ.

ದುಮುಗುಡುತ್ತ ಕೆಳಗಿಳಿದೆ. ಯಜಮಾನರು ಲೇತ್ ಯಂತ್ರದ ಪಕ್ಕ ನಿಂತಿದ್ದರು. "ಸಾರ್, ಲಾಗ್ ಇರೋದು ಫೈಲು ಉಳೀತಾ, ಇಲ್ವಾ ಅಂತ ನೋಡೋಕೆ, ಜನ ಕೆಲಸ ಮಾಡಿದ್ರಾ ಅಂತ ಅಳೆಯೋಕಲ್ಲ" ಎಂದು ಶುರುಮಾಡಿ, ಸಂಜೆ ಐದರ ಕತೆಯನ್ನೂ ಬ್ಲಾಕು ಹಾಳಾದ ಬಗೆಯನ್ನೂ ಒಂದೇ ಉಸಿರಿಗೆ ಹೇಳಿದೆ. ರೇಗುತ್ತಾರೆ ಎಂದುಕೊಂಡಿದ್ದೆ. ಅವರು ಎಣ್ಣೆಯ ಕೈ ಒರೆಸಿಕೊಳ್ಳುತ್ತ ನಿಂತರು.

"ಲೇತ್ ತಾವ ನಿಂತ್ಕಂಡ್ರೆ ಉಕ್ಕಿನ ಸುರುಳಿ ಬೀಳೋದು ಕಾಣ್ತದೆ ಮೇಡಂ. ಕೆಲ್ಸ ಆಯ್ತಾ ಅದೆ ಅಂತ ಗೊತ್ತಾಯ್ತದೆ. ಮೇಲ್ಗಡೆ ಹೋದ್ರೆ ಎಲ್ಲಾರೂ ಸುಮ್ಕೆ ಕುಂತಿರ್ತಾರೆ. ನಂಗೇನ್ ತಿಳೀತದೆ? ಆ ಮೇಲ್ ಬರಾಕ್ ಸುರುವಾದ್ಮೇಲೆ ಒಸಿ ಕಂಡಂಗಾಗಿತ್ತು."

ನನ್ನ ಸಿಟ್ಟು ಅಲ್ಲೇ ಇಳಿಯಿತು. ಪಾಪ, ಅನ್ನಿಸಿತು. ತನ್ನದೇ ಕಾರ್ಖಾನೆಯ ಅರ್ಧ ಭಾಗ ತನಗೆ ಕಾಣಿಸುತ್ತಿಲ್ಲ ಎಂಬ ದಿಗಿಲನ್ನು ಅವರು ಯಾರ ಹತ್ತಿರ ಹೇಳಿಕೊಂಡಾರು.

"ಅಂಗಾರೆ ಆ ಬ್ಲಾಕು ಕೆಟ್ಟಿದ್ದು ನನ್ನಿಂದ್ಲೇ ಅಂತೀರಾ?" ಎಂದು ಕೇಳಿದರು.

"ಹೌದು ಸಾರ್" ಎಂದೆ. ಅವರು ಹೊರಟುಹೋದರು.

ಮರುದಿನ ಹೊಸ ಡಿಸ್ಕ್ ಹಾಕಲು ಹೋದವಳು, ಫೈಲುಗಳ ವಿವರವೆಲ್ಲ ಕಂಪ್ಯೂಟರಿನಲ್ಲೇ ಉಳಿದು, ಯಜಮಾನರ ಫೋನಿಗೆ ಬ್ಯಾಕಪ್ ಆಯಿತು ಅಥವಾ ಆಗಲಿಲ್ಲ ಎಂಬ ಒಂದೇ ಸಾಲು ಹೋಗುವಂತೆ ಬದಲಾಯಿಸಿದೆ. ಆ ಹೆಂಗಸಿನ ಕೆಲಸದ ಮಾತು ಮಾತ್ರ ಇನ್ನೂ ಹಾಗೇ ಇತ್ತು. ಅದನ್ನು ಬದಲಾಯಿಸುವುದು ನನ್ನ ಕೈಯಲ್ಲಿರಲಿಲ್ಲ.

ಊಟದ ಹೊತ್ತು ಹತ್ತಿರವಾದಾಗ ಯಜಮಾನರು ಮೆಟ್ಟಿಲು ಹತ್ತಿ ಬಂದು ಸೀದಾ ಆಕೆಯ ಮೇಜಿನ ಪಕ್ಕ ನಿಂತರು. "ಬೆಳಗ್ಗಿಂದ ಏನ್ ಮಾಡ್ದೆ ಕಣಮ್ಮ?"

ಉಳಿದಿಬ್ಬರ ಕೈ ನಿಂತಿತು. ಆಕೆ ಎದ್ದು ನಿಂತರು. "ಏನೂ ಮಾಡಿಲ್ರಿ ಸರ್. ವಿಚಾರ ಮಾಡಾಕತ್ತೀನಿ."

ಯಜಮಾನರು ಒಂದೇ ಒಂದು ಗೆರೆಯಿದ್ದ ಆ ಪರದೆಯನ್ನು ಬಹಳ ಹೊತ್ತು ನೋಡಿದರು.

"ಮಾಡು. ಬರೋ ತಿಂಗ್ಳೂ ಇಲ್ಲೇ ಕುಂತು ಮಾಡು."