ಆಂಜಿನಮ್ಮ ಆಡದ ಮಾತು

ಆಂಜಿನಮ್ಮ ಆ ದಿನ ಯಾರಿಗೂ ಕೃತಜ್ಞತೆ ಹೇಳಲಿಲ್ಲ. ಹೇಳಿದಳೆಂದು ಸಾರಿದವನು ನಾನು. ತುಂಬಿದ ಸಭೆಯಲ್ಲಿ, ಆಕೆಯ ಪಕ್ಕದಲ್ಲೇ ನಿಂತು, ಆಕೆಗೆ ತಿಳಿಯದ ಇಂಗ್ಲಿಷಿನಲ್ಲಿ ಸುಳ್ಳು ಹೇಳಿದೆ — ಬಾಯಿತಪ್ಪಿ ಬಂದದ್ದಲ್ಲ, ಗೊತ್ತಿದ್ದೇ ಆಡಿದ್ದು.

ಇಷ್ಟು ವರ್ಷ ಮುಚ್ಚಿಟ್ಟಿದ್ದೆ. ಮೊನ್ನೆ ಯಾರೋ ನನ್ನನ್ನು ವೇದಿಕೆಯ ಮೇಲೆ ಕೂರಿಸಿ, "ವಿದ್ಯಾರ್ಥಿಯಾಗಿದ್ದಾಗಲೇ ಬಡವರ ಸೇವೆಗೆ ನಿಂತವರು" ಎಂದು ಹೊಗಳಿದರು. ಮೈ ಉರಿಯಿತು. ಎದ್ದು ಅವರ ಕೈಯಿಂದ ಮೈಕು ಕಿತ್ತುಕೊಳ್ಳಬೇಕೆನಿಸಿತು. ಕಿತ್ತುಕೊಳ್ಳಲಿಲ್ಲ — ಕೈ ಮುಗಿದೆ. ಆ ಕೈಗಳ ಮೇಲಿನ ಸಿಟ್ಟಿನಿಂದಲೇ ಇದನ್ನು ಬರೆಯುತ್ತಿದ್ದೇನೆ.

ಐವತ್ತರ ದಶಕ ಮುಗಿಯುತ್ತ ಬಂದಿತ್ತು. ಬಂಗಾರಪೇಟೆಯ ಹತ್ತಿರದ ಹಳ್ಳಿಯವನಾದ ನಾನು ಬೆಂಗಳೂರಿನಲ್ಲಿ ಬಿ.ಎ. ಓದುತ್ತಿದ್ದೆ. ಬೇಸಿಗೆ ರಜೆಯಲ್ಲಿ ನಮ್ಮ ಕಾಲೇಜಿನ ಸೇವಾ ಶಿಬಿರ ಉರಿಗಾಂನಲ್ಲಿ, ಚಿನ್ನದ ಗಣಿ ಕಾರ್ಮಿಕರಿಗೆ ಸಾಲಾಗಿ ಕಟ್ಟಿದ್ದ ಲೈನ್ ಮನೆಗಳ ನಡುವೆ ನಡೆಯಿತು. ಕನ್ನಡ, ತೆಲುಗು, ತಮಿಳು ಮೂರನ್ನೂ ಕಲಸಿ ಆಡುವ ಅಲ್ಲಿಯ ಮಾತು ನನಗೆ ಸಲೀಸಾಗಿತ್ತು. ಅದಕ್ಕೇ ಶಿಬಿರದ ನಾಯಕನಾದೆ.

ಲೈನಿನ ಜನಕ್ಕೆ ಕುಡಿಯುವ ನೀರು ಗಾಡಿಯಲ್ಲಿ ಬರುತ್ತಿತ್ತು. ಅದು ಸಾಲದು, ಶಾಶ್ವತವಾಗಿ ಏನಾದರೂ ಮಾಡಬೇಕು ಎಂದು ನಾನೇ ಹೇಳಿದೆ. ರಸ್ತೆ ಬದಿಯಲ್ಲಿ ಒಂದು ಪಾಳುಬಾವಿ ಇತ್ತು. ಅದರ ಹಿಂದೆಯೇ ಬೂದುಬಣ್ಣದ ದೊಡ್ಡ ದಿಬ್ಬ — ಅದಿರಿನಿಂದ ಚಿನ್ನ ತೆಗೆದ ಮೇಲೆ ಸುರಿದ ಸೈನೈಡ್ ಮಣ್ಣು. ಬಾವಿಯ ಹೂಳೆತ್ತೋಣ ಎಂದೆ. ಅದನ್ನು ಜನ ಯಾಕೆ ಬಿಟ್ಟಿದ್ದರೆಂದು ಕೇಳಲಿಲ್ಲ. ಕೇಳಬೇಕೆಂದೇ ಅನಿಸಲಿಲ್ಲ ನನಗೆ! ಅತಿಥಿಗಳ ಕಾರು ಬಾವಿಯವರೆಗೂ ಬರುತ್ತದೆ — ನನ್ನ ತಲೆಯಲ್ಲಿದ್ದದ್ದು ಅದು.

ಆಂಜಿನಮ್ಮ ಅಲ್ಲಿಯವಳು. ಗಂಡ ಸುರಂಗದೊಳಗೆ ಸತ್ತಿದ್ದ. ಆಕೆ ಗಣಿಯ ಮೇಲೆ ಕಲ್ಲು ಹೊತ್ತು ಮಗಳು ಸುಗುಣಳನ್ನು ಸಾಕುತ್ತಿದ್ದಳು. ಕೆಲಸ ಮುಗಿಸಿ ಬರುವಾಗ ನಮಗೆಲ್ಲ ಮಜ್ಜಿಗೆ ಕೊಡುತ್ತಿದ್ದಳು. ಸುಗುಣ ನನ್ನ ಹತ್ತಿರ ಅಕ್ಷರ ಕಲಿಯಲು ಕೂರುತ್ತಿದ್ದಳು — ‘ಳ’ ಬರೆಯಲು ಬಾರದೆ ನಗುತ್ತಿದ್ದಳು.

ಹೂಳೆತ್ತಿದ ಬಾವಿಯ ಉದ್ಘಾಟನೆಗೆ ಉತ್ತರ ಭಾರತದ ಕಡೆಯ ಗಣಿ ಅಧಿಕಾರಿಯೊಬ್ಬರು ಬಂದರು. ನೀರಿನ ಗಾಡಿ ಕಳಿಸುವುದು ಬಿಡುವುದು ಅವರ ಕೈಯಲ್ಲಿತ್ತು. ನಮ್ಮ ಯಾವ ಭಾಷೆಯೂ ಅವರಿಗೆ ಬಾರದು. ಮುಂದೆ ನಿಂತಿದ್ದ ಆಂಜಿನಮ್ಮನನ್ನು ತೋರಿಸಿ, ಈಕೆಗೆ ಏನನಿಸುತ್ತದೆ ಕೇಳು ಎಂದರು. ಕೇಳಿದೆ.

ಆಕೆ ಸೆರಗು ಬಿಗಿದುಕೊಂಡು ಅವರನ್ನೇ ನೋಡುತ್ತ ಹೇಳಿದಳು:

"ಈ ನೀರು ಬಾಯಿಗಿಟ್ರೆ ನಾಲಿಗೆ ಉರೀತೈತೆ ಸಾಮಿ. ನಮ್ಮ ಮೇಕೆ ಕುಡ್ದು ಒದ್ದಾಡಿ ಸತ್ತೋಯ್ತು. ಮಕ್ಳು ಮರಿ ಕುಡಿಯೋ ನೀರಲ್ಲ ಇದು. ಗಾಡಿ ಮಾತ್ರ ನಿಲ್ಲಿಸ್ಬ್ಯಾಡಿ ಅಂತ ಯೇಳಪ್ಪ ಅವರ್ಗೆ."

ಅಧಿಕಾರಿ ನನ್ನ ಮುಖ ನೋಡಿದರು. ಸಭೆಗೆ ಬಂದಿದ್ದ ನಮ್ಮ ಕಾಲೇಜಿನ ಪ್ರಿನ್ಸಿಪಾಲರು ನೋಡಿದರು. ಯಾರೂ ನನಗೆ ಕಣ್ಸನ್ನೆ ಮಾಡಲಿಲ್ಲ, ಯಾರೂ ಹೆದರಿಸಲಿಲ್ಲ. ನಾನೇ — ನಾನಾಗಿಯೇ — ಹೇಳಿದೆ: ಈ ನೀರು ಸಿಹಿಯಾಗಿದೆಯಂತೆ, ಇನ್ನು ಗಾಡಿಗೆ ಕಾಯಬೇಕಾಗಿಲ್ಲವಂತೆ, ವಿದ್ಯಾರ್ಥಿಗಳಿಗೆ ಈ ತಾಯಿ ಕೃತಜ್ಞಳಂತೆ.

ಚಪ್ಪಾಳೆಯೋ ಚಪ್ಪಾಳೆ. ತನ್ನ ಮಾತು ತಲುಪಿತೆಂದು ಆಂಜಿನಮ್ಮ ಅಧಿಕಾರಿಗೆ ಕೈ ಮುಗಿದಳು. ಎರಡೂ ಭಾಷೆ ಬಲ್ಲ ಗೆಳೆಯರು ನನ್ನ ಹಿಂದೆ ನಿಂತಿದ್ದರು; ಒಬ್ಬನೂ ಬಾಯಿ ಬಿಡಲಿಲ್ಲ. ಎಷ್ಟೋ ವರ್ಷ ಅವರನ್ನೇ ಬೈದುಕೊಂಡು ಬದುಕಿದೆ. ಅದು ಸುಲಭವಾಗಿತ್ತು.

ನಾವು ಬೆಂಗಳೂರಿಗೆ ಹಿಂತಿರುಗಿದೆವು. ಗಾಡಿ ನಿಂತಿತು.

ದೀಪಾವಳಿಗೆ ಊರಿಗೆ ಬಂದು ಬಂಗಾರಪೇಟೆಯಲ್ಲಿ ರೈಲಿಳಿದೆ. ಎದುರಿಗೆ, ಉರಿಗಾಂ ಕಡೆಯಿಂದ ಬಂದ ಮಾರಿಕುಪ್ಪಂ ರೈಲಿನಿಂದ ಆಂಜಿನಮ್ಮ ಇಳಿಯುತ್ತಿದ್ದಳು. ಕೂದಲು ಕೆದರಿತ್ತು. ನನ್ನನ್ನು ಕಂಡದ್ದೇ ನೇರ ಬಂದಳು.

"ಸುಗುಣ ಓಗ್ಬುಟ್ಲು," ಎಂದಳು. "ವಾಂತಿ, ವಾಂತಿ... ಗಾಡಿ ನಿಂತೋದ್ಮ್ಯಾಗೆ ಇನ್ಯಾವ ನೀರು ಕುಡಿಸ್ಲಿ? ಆಪೀಸಿಗೆ ಓಗಿ ಬಡ್ಕೊಂಡೆ. ದೊರೆಗಳ ಮುಂದೆ ನೀನೇ ಸೆಂದಾಗೈತೆ ಅಂದ್ಯಲ್ಲಮ್ಮ ಅಂದ್ರು. ನಾನ್ಯಾವಾಗ ಅಂದೆ? ನನ್ನ ಬಾಯಾಗೆ ನಿನ್ನ ಮಾತು ಯಾಕಪ್ಪ ಮಡಗ್ದೆ?"

ಆಗ ನಾನು ಏನೆಂದೆ ಗೊತ್ತೆ? ಇದನ್ನು ಬರೆಯಲು ಕೈ ಹೇಸುತ್ತದೆ, ಆದರೂ ಬರೆಯಬೇಕು.

"ಡಾಕ್ಟ್ರು ಏನಂದ್ರಕ್ಕ? ನೀರಿನಿಂದ್ಲೇ ಅಂದ್ರಾ?"

ಮಗು ಸತ್ತಿದೆ — ನಾನು ತಪ್ಪಿಸಿಕೊಳ್ಳಲು ಸಂದು ಹುಡುಕುತ್ತಿದ್ದೇನೆ!

ಆಂಜಿನಮ್ಮ ಬೈಯಲಿಲ್ಲ. "ನಿಂಗೆ ಬೇಕಿರೋದು ಅದೇನಾ?" ಎಂದಳು. ನನ್ನದು ಬೇರೆ ಯಾರದೋ ಮುಖವೆನ್ನುವಂತೆ ತಿರುಗಿ, ಜನರ ನಡುವೆ ನಡೆದುಹೋದಳು. ನಾನು ಹಿಂದೆ ಓಡಲಿಲ್ಲ. ಆ ಅಧಿಕಾರಿಯನ್ನು ಹುಡುಕಿಕೊಂಡು ಹೋಗಿ ನಾನು ಹೇಳಿದ್ದು ಸುಳ್ಳು, ಗಾಡಿ ಕಳಿಸಿ ಎನ್ನಲೂ ಇಲ್ಲ. ಬೇರೆ ಮಕ್ಕಳು ಆ ನೀರು ಕುಡಿಯುತ್ತಲೇ ಇದ್ದರು — ಗೊತ್ತಿತ್ತು ನನಗೆ. ಹಬ್ಬದೂಟ ಮಾಡಿ, ರಜೆ ಮುಗಿಸಿ ಕಾಲೇಜಿಗೆ ಹೋದೆ. ಮುಂದೆ ಲೈನಿನವರೇ ಸೇರಿ ಬಾವಿಗೆ ಕಲ್ಲು ತುಂಬಿದರೆಂದು ಯಾರೋ ಹೇಳಿದರು. ಆಂಜಿನಮ್ಮ ಎಲ್ಲಿಗೆ ಹೋದಳೋ ತಿಳಿಯಲಿಲ್ಲ. ತಿಳಿದುಕೊಳ್ಳಲು ನಾನು ಉರಿಗಾಂಗೆ ಹೋಗಲೇ ಇಲ್ಲ. ಮನೆಯಿಂದ ಎಷ್ಟು ಮಹಾ ದೂರವಿತ್ತು ಅದು!

ಯಾಕಪ್ಪ ಎಂದು ಆಕೆ ಕೇಳಿದ್ದಕ್ಕೆ ಉತ್ತರ ಆ ಪ್ಲಾಟ್‌ಫಾರಮ್ಮಿನ ಮೇಲೆಯೇ ನನಗೆ ಗೊತ್ತಿತ್ತು. ಹೆದರಿಕೆಯಲ್ಲ, ವಯಸ್ಸಲ್ಲ, ಯಾರ ಒತ್ತಾಯವೂ ಅಲ್ಲ. ನನಗೆ ಚಪ್ಪಾಳೆ ಬೇಕಿತ್ತು ಆಂಜಿನಕ್ಕ. ನಿನ್ನ ಮಗಳು ಏನು ಕುಡಿದರೂ ಸರಿ — ನನಗೆ ಅದು ಬೇಕಿತ್ತು.